ಕೊಟ್ಟ ಮಾತು, ಹಂಚಿಕೊಂಡ ಅಧಿಕಾರ

ವಾಗ್ದಾನ ಪಾಲನೆಯ ಕುರಿತು ಜುಮಾ ಖುತ್ಬಾ ಕೇಳುವಾಗ ನಮ್ಮ ಮನಸ್ಸಿಗೆ ಬರುವುದು ಸಾಮಾನ್ಯವಾಗಿ ಸಾಲ, ವ್ಯಾಪಾರ, ಮದುವೆಯ ಮಾತುಕತೆ, ನೆರೆಹೊರೆಯವರಿಗೆ ಕೊಟ್ಟ ಭರವಸೆ. ಮಸೀದಿಯಿಂದ ಹೊರಬಂದು ಅಂಗಳದಲ್ಲಿ ಚಪ್ಪಲಿ ಹುಡುಕುವಷ್ಟರಲ್ಲಿ ಮಾತು ರಾಜಕೀಯಕ್ಕೆ ಹೊರಳುತ್ತದೆ. "ಇವರೆಲ್ಲ ಚುನಾವಣೆಗೆ ಮೊದಲು ಏನೇನು ಹೇಳಿದ್ದರು, ಈಗ ಏನು ಮಾಡುತ್ತಿದ್ದಾರೆ?" ಎಂದು ಒಬ್ಬರು ಕೇಳುತ್ತಾರೆ. "ಸಮ್ಮಿಶ್ರ ಸರಕಾರ ಅಲ್ಲವೇ, ಅವರ ಕೈಯಲ್ಲೇನಿದೆ?" ಎಂದು ಇನ್ನೊಬ್ಬರು ಸಮಾಧಾನ ಹೇಳುತ್ತಾರೆ. ಮೂರನೆಯವರು "ಎಲ್ಲರೂ ಒಂದೇ, ಯಾರಿಗೂ ಓಟು ಹಾಕಬಾರದು" ಎಂದು ಮಾತು ಮುಗಿಸಿಬಿಡುತ್ತಾರೆ.

ಈ ಮೂರೂ ಮಾತುಗಳನ್ನು ನಾವು ದಶಕಗಳಿಂದ ಕೇಳುತ್ತ ಬಂದಿದ್ದೇವೆ. ಮೂರರಲ್ಲೂ ಸ್ವಲ್ಪ ಸ್ವಲ್ಪ ಸತ್ಯವಿದೆ, ಯಾವುದೂ ಪೂರ್ತಿ ಸತ್ಯವಲ್ಲ. ಒಂದೇ ಪಕ್ಷ ಬಹುಮತದಿಂದ ಆಳುವಾಗ ಮಾತಿಗೆ ತಪ್ಪಿದರೆ ಹೊಣೆ ಯಾರದೆಂಬುದು ಸ್ಪಷ್ಟ. ಎರಡು ಮೂರು ಪಕ್ಷಗಳು ಅಧಿಕಾರ ಹಂಚಿಕೊಂಡಾಗ ಹೊಣೆಯೂ ಹಂಚಿಹೋಗುತ್ತದೆ. ಕೆಲವೊಮ್ಮೆ ಹಂಚಿಹೋಗುವುದಲ್ಲ, ಕಾಣೆಯಾಗಿಯೇ ಬಿಡುತ್ತದೆ. ಆಗ ಮತದಾರ ಏನು ಮಾಡುತ್ತಾನೆ? ಕ್ಷಮಿಸುತ್ತಾನೆಯೇ, ಶಿಕ್ಷಿಸುತ್ತಾನೆಯೇ, ಮರೆಯುತ್ತಾನೆಯೇ? ನಮ್ಮ ರಾಜ್ಯದ ಇತಿಹಾಸದಲ್ಲಿ ಈ ಪ್ರಶ್ನೆಗೆ ಉತ್ತರ ಹುಡುಕಲು ಸಾಕಷ್ಟು ಸಾಮಗ್ರಿಯಿದೆ. ಅದನ್ನು ಒಮ್ಮೆ ನಿಧಾನವಾಗಿ ತಿರುವಿ ನೋಡೋಣ.

ಮಾತು ಉಳಿಸಿಕೊಂಡ ಸರಕಾರ

ಮೊದಲು ಒಂದು ಒಳ್ಳೆಯ ಉದಾಹರಣೆಯಿಂದ ಆರಂಭಿಸುವುದು ನ್ಯಾಯ. 1983ರ ಜನವರಿಯ ವಿಧಾನಸಭಾ ಚುನಾವಣೆಯಲ್ಲಿ 224 ಸ್ಥಾನಗಳ ಪೈಕಿ ಜನತಾ ಪಕ್ಷಕ್ಕೆ ಸಿಕ್ಕಿದ್ದು 95. ಕಾಂಗ್ರೆಸ್‌ಗೆ 82, ಬಿಜೆಪಿಗೆ 18. ಯಾರಿಗೂ ಬಹುಮತವಿರಲಿಲ್ಲ. ಬಿಜೆಪಿ ಮತ್ತು ಎಡಪಕ್ಷಗಳು ಹೊರಗಿನಿಂದ ಬೆಂಬಲ ಕೊಟ್ಟಾಗ ರಾಮಕೃಷ್ಣ ಹೆಗಡೆಯವರು ಕರ್ನಾಟಕದ ಮೊದಲ ಕಾಂಗ್ರೆಸ್ಸೇತರ ಮುಖ್ಯಮಂತ್ರಿಯಾದರು. ಸ್ವಂತ ಬಲವಿಲ್ಲದ, ಬೇರೆಯವರ ಊರುಗೋಲು ಹಿಡಿದು ನಿಂತ ಸರಕಾರವದು. "ನಮಗೆ ಬಹುಮತವಿಲ್ಲ" ಎಂದು ನೆಪ ಹೇಳುವ ಎಲ್ಲ ಅವಕಾಶವೂ ಅದಕ್ಕಿತ್ತು.

ಆದರೂ ಆ ಸರಕಾರ ಎರಡು ದೊಡ್ಡ ಕೆಲಸಗಳನ್ನು ಕೈಗೆತ್ತಿಕೊಂಡಿತು. ಒಂದು, ಭ್ರಷ್ಟಾಚಾರದ ದೂರುಗಳನ್ನು ವಿಚಾರಿಸುವ 1984ರ ಲೋಕಾಯುಕ್ತ ಕಾಯ್ದೆ. ಇನ್ನೊಂದು, ಅಧಿಕಾರವನ್ನು ಹಳ್ಳಿಗೆ ಒಯ್ಯುವ 1983ರ ಜಿಲ್ಲಾ ಪರಿಷತ್ ಕಾಯ್ದೆ. ಅಧಿಕಾರ ವಿಕೇಂದ್ರೀಕರಣ ಜನತಾ ಪಕ್ಷದ ಹಳೆಯ ಮಾತು. 1977ರಲ್ಲಿ ಕೇಂದ್ರದಲ್ಲಿದ್ದ ಜನತಾ ಸರಕಾರ ಇದಕ್ಕಾಗಿಯೇ ಅಶೋಕ್ ಮೆಹ್ತಾ ಸಮಿತಿಯನ್ನು ನೇಮಿಸಿತ್ತು. ಆ ಮಾತನ್ನು ಕರ್ನಾಟಕದಲ್ಲಿ ಕಾರ್ಯಕ್ಕಿಳಿಸಿದವರು ಗುಂಡ್ಲುಪೇಟೆಯ ಅಬ್ದುಲ್ ನಜೀರ್ ಸಾಬ್. ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಚಿವರಾಗಿ ಅವರು ಕುಡಿಯುವ ನೀರಿಲ್ಲದ ಹಳ್ಳಿಗಳಲ್ಲಿ ಕೊಳವೆಬಾವಿ ಕೊರೆಸಿದರು. ಜನ ಅವರನ್ನು ಪ್ರೀತಿಯಿಂದ "ನೀರ್ ಸಾಬ್" ಎಂದು ಕರೆದರು. 1988ರಲ್ಲಿ ಅವರು ತೀರಿಕೊಂಡರು. ಇಂದಿಗೂ ಮೈಸೂರಿನಲ್ಲಿ ಪಂಚಾಯತ್ ಸದಸ್ಯರಿಗೆ ತರಬೇತಿ ಕೊಡುವ ರಾಜ್ಯ ಸಂಸ್ಥೆಗೆ ಅವರದೇ ಹೆಸರಿದೆ. ಕೊಳವೆಬಾವಿಯ ಹಿಡಿ ಒತ್ತಿ ಕೊಡ ತುಂಬಿಸಿಕೊಂಡ ಹೆಣ್ಣುಮಗಳಿಗೆ ಆ ಸರಕಾರಕ್ಕೆ ಎಷ್ಟು ಸ್ಥಾನಗಳ ಬೆಂಬಲವಿತ್ತೆಂದು ಲೆಕ್ಕ ಹಾಕುವ ಅಗತ್ಯವಿರಲಿಲ್ಲ.

ಮುಂದೆ ನಡೆದುದು ಗಮನಾರ್ಹ. 1984ರ ಡಿಸೆಂಬರ್‌ನ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 28 ಸ್ಥಾನಗಳಲ್ಲಿ 24 ಕಾಂಗ್ರೆಸ್ ಪಾಲಾದವು. ಜನರ ವಿಶ್ವಾಸ ತಮ್ಮ ಮೇಲಿಲ್ಲವೆಂದು ಹೆಗಡೆಯವರು ರಾಜೀನಾಮೆ ಕೊಟ್ಟು ಹೊಸ ಚುನಾವಣೆ ಎದುರಿಸಿದರು. 1985ರ ಮಾರ್ಚ್‌ನಲ್ಲಿ ಅದೇ ಮತದಾರರು ಜನತಾ ಪಕ್ಷಕ್ಕೆ 139 ಸ್ಥಾನ ಕೊಟ್ಟರು. ಹೊರಗಿನಿಂದ ಬೆಂಬಲಿಸಿದ್ದ ಬಿಜೆಪಿ 18ರಿಂದ 2ಕ್ಕೆ ಇಳಿಯಿತು. ಕೆಲವೇ ತಿಂಗಳ ಅಂತರದಲ್ಲಿ ಮತದಾರ ದಿಲ್ಲಿಗೆ ಒಂದು ತೀರ್ಪು, ಬೆಂಗಳೂರಿಗೆ ಇನ್ನೊಂದು ತೀರ್ಪು ಕೊಟ್ಟಿದ್ದ. ಇದರಿಂದ ನಾವು ಎರಡು ಪಾಠ ಕಲಿಯಬಹುದು. ಮತದಾರನಿಗೆ ನೆನಪಿಲ್ಲ, ವಿವೇಚನೆಯಿಲ್ಲ ಎನ್ನುವುದು ಸುಳ್ಳು. ಹಾಗೆಯೇ, ಅಧಿಕಾರ ಹಂಚಿಕೊಂಡಾಗ ಒಳ್ಳೆಯ ಹೆಸರು ಮುಖ್ಯಮಂತ್ರಿಯ ಪಕ್ಷಕ್ಕೇ ಹೋಗುತ್ತದೆ, ಹೆಗಲು ಕೊಟ್ಟವರಿಗೆ ಬರುವುದು ಕಡಿಮೆ.

ಒಂದು ಸರಕಾರ, ಎರಡು ವಚನಭಂಗ

ಇನ್ನು 2004ಕ್ಕೆ ಬರೋಣ. ಆ ವರ್ಷದ ಚುನಾವಣೆಯಲ್ಲಿ ಬಿಜೆಪಿ 79, ಕಾಂಗ್ರೆಸ್ 65, ಜಾತ್ಯತೀತ ಜನತಾದಳ 58 ಸ್ಥಾನ ಪಡೆದವು. ಎಸ್.ಎಂ. ಕೃಷ್ಣರ ಕಾಂಗ್ರೆಸ್ ಸರಕಾರವನ್ನು ಕಟುವಾಗಿ ಟೀಕಿಸಿ ಮತ ಕೇಳಿದ್ದ ಜೆಡಿಎಸ್, ಚುನಾವಣೆಯ ಬಳಿಕ ಅದೇ ಕಾಂಗ್ರೆಸ್ ಜೊತೆ ಸೇರಿತು. 2004ರ ಮೇ 28ರಂದು ಧರ್ಮಸಿಂಗ್ ಮುಖ್ಯಮಂತ್ರಿಯಾದರು. "ಕೋಮುವಾದಿ ಶಕ್ತಿಗಳನ್ನು ದೂರವಿಡಲು" ಎಂಬುದು ಅಂದು ಕೇಳಿಬಂದ ಸಮರ್ಥನೆ. ನಮ್ಮಲ್ಲಿ ಅನೇಕರು ಅದನ್ನು ಒಪ್ಪಿಕೊಂಡೆವು.

ಇಪ್ಪತ್ತು ತಿಂಗಳು ಕಳೆಯುವಷ್ಟರಲ್ಲಿ ಚಿತ್ರ ಬದಲಾಯಿತು. 2006ರ ಜನವರಿಯಲ್ಲಿ ಎಚ್.ಡಿ. ಕುಮಾರಸ್ವಾಮಿಯವರು ತಮ್ಮ ಪಕ್ಷದ ಬಹುಪಾಲು ಶಾಸಕರೊಂದಿಗೆ ಬೆಂಬಲ ಹಿಂತೆಗೆದುಕೊಂಡು ಬಿಜೆಪಿ ಜೊತೆ ಕೈಜೋಡಿಸಿದರು. ಪಕ್ಷದ ವರಿಷ್ಠರಾಗಿದ್ದ ಎಚ್.ಡಿ. ದೇವೇಗೌಡರು ಮೊದಲಿಗೆ ಇದನ್ನು ಬಹಿರಂಗವಾಗಿಯೇ ವಿರೋಧಿಸಿದ್ದರು. ಫೆಬ್ರವರಿ 3ರಂದು ಕುಮಾರಸ್ವಾಮಿ ಮುಖ್ಯಮಂತ್ರಿ, ಬಿ.ಎಸ್. ಯಡಿಯೂರಪ್ಪ ಉಪಮುಖ್ಯಮಂತ್ರಿ. ಉಳಿದ 40 ತಿಂಗಳನ್ನು ತಲಾ 20 ತಿಂಗಳಂತೆ ಹಂಚಿಕೊಳ್ಳುವುದು ಎರಡು ಪಕ್ಷಗಳ ಒಪ್ಪಂದ.

2007ರ ಅಕ್ಟೋಬರ್‌ನಲ್ಲಿ ಕುರ್ಚಿ ಬಿಟ್ಟುಕೊಡುವ ಸರದಿ ಬಂದಾಗ ಜೆಡಿಎಸ್ ಬಿಟ್ಟುಕೊಡಲಿಲ್ಲ. ಬಿಜೆಪಿ ಬೆಂಬಲ ಹಿಂತೆಗೆಯಿತು, ರಾಷ್ಟ್ರಪತಿ ಆಳ್ವಿಕೆ ಬಂತು. ಮತ್ತೆ ರಾಜಿಯಾಗಿ ನವೆಂಬರ್ 12ರಂದು ಯಡಿಯೂರಪ್ಪ ಪ್ರಮಾಣವಚನ ಸ್ವೀಕರಿಸಿದರು. ಜೆಡಿಎಸ್ ಹೊಸ ಷರತ್ತುಗಳನ್ನು ಮುಂದಿಟ್ಟು ಬೆಂಬಲಿಸದೇ ಹೋದುದರಿಂದ ವಾರದೊಳಗೆ, ನವೆಂಬರ್ 19ರಂದು ರಾಜೀನಾಮೆ ಕೊಟ್ಟರು. ನಂತರದ 2008ರ ಮೇ ಚುನಾವಣೆಯಲ್ಲಿ "ವಚನಭ್ರಷ್ಟತೆ" ಎಂಬ ಪದ ಊರೂರಿನ ಭಾಷಣಗಳಲ್ಲಿ ಮೊಳಗಿತು. ಬಿಜೆಪಿ 79ರಿಂದ 110ಕ್ಕೆ ಏರಿತು, ಜೆಡಿಎಸ್ 58ರಿಂದ 28ಕ್ಕೆ ಕುಸಿಯಿತು.

ಇಲ್ಲಿ ನಾವು ಸ್ವಲ್ಪ ನಿಂತು ಯೋಚಿಸಬೇಕು. ಈ ಕಥೆಯಲ್ಲಿ ಮುರಿದದ್ದು ಒಂದು ವಚನವಲ್ಲ, ಎರಡು. 2007ರಲ್ಲಿ ಮುರಿದದ್ದು ಒಂದು ಪಕ್ಷ ಇನ್ನೊಂದು ಪಕ್ಷಕ್ಕೆ ಕೊಟ್ಟ ಮಾತು. 2006ರಲ್ಲಿ ಮುರಿದದ್ದು ಪಕ್ಷವೊಂದು ತನಗೆ ಮತ ಹಾಕಿದವರಿಗೆ ಕೊಟ್ಟಿದ್ದ ಮಾತು. ಆ ಮಾತನ್ನು ಪ್ರಣಾಳಿಕೆಯ ಯಾವ ಪುಟದಲ್ಲೂ ಹುಡುಕಬೇಕಿರಲಿಲ್ಲ, ಅದು ಪಕ್ಷದ ಹೆಸರಿನಲ್ಲೇ ಇತ್ತು. "ಜಾತ್ಯತೀತ" ಎಂಬ ಆ ಒಂದು ಪದವನ್ನು ನಂಬಿ ಮತಗಟ್ಟೆಯ ಸಾಲಿನಲ್ಲಿ ನಿಂತವರು ನಮ್ಮ ಮನೆಗಳಲ್ಲಿ ಕಡಿಮೆಯಿರಲಿಲ್ಲ.

ಆದರೆ ನಾಡು ದೊಡ್ಡದಾಗಿ ಚರ್ಚಿಸಿದ್ದು ಎರಡನೆಯ ವಚನಭಂಗವನ್ನು. ಕುರ್ಚಿ ಸಿಗದ ನಾಯಕನ ಮುಖ ಎಲ್ಲರಿಗೂ ಕಂಡಿತು. ಮತ ಕಳೆದುಕೊಂಡ ಮತದಾರನ ಮುಖ ಯಾರಿಗೂ ಕಾಣಲಿಲ್ಲ. ಇದನ್ನು ನಾವು ಯಾರ ಮೇಲಿನ ಸಿಟ್ಟಿನಿಂದಲೂ ಹೇಳುತ್ತಿಲ್ಲ. ಪಕ್ಷ ಪಕ್ಷಗಳ ನಡುವಿನ ಕರಾರಿಗೆ ಇರುವಷ್ಟು ಗೌರವ, ಪಕ್ಷ ಮತ್ತು ಪ್ರಜೆಯ ನಡುವಿನ ಕರಾರಿಗೆ ನಮ್ಮ ಸಾರ್ವಜನಿಕ ಜೀವನದಲ್ಲಿ ಇನ್ನೂ ಸಿಕ್ಕಿಲ್ಲ ಎಂಬುದನ್ನಷ್ಟೇ ಗುರುತಿಸುತ್ತಿದ್ದೇವೆ.

ಇನ್ನೊಂದು ಸೂಕ್ಷ್ಮವೂ ಇದೆ. ಜೆಡಿಎಸ್ ಸ್ಥಾನಗಳು ಅರ್ಧಕ್ಕಿಂತ ಕಡಿಮೆಯಾದವು ನಿಜ. ಆದರೆ ಅದರ ಮತಗಳು ಸುಮಾರು ಶೇ. 21ರಿಂದ ಸುಮಾರು ಶೇ. 19ಕ್ಕೆ ಮಾತ್ರ ಇಳಿದಿದ್ದವು. 2008ರ ಚುನಾವಣೆ ನಡೆದದ್ದು ಕ್ಷೇತ್ರ ಪುನರ್ವಿಂಗಡಣೆಯ ನಂತರ. ಗಡಿಗಳು ಬದಲಾಗಿದ್ದವು. ಐದು ವರ್ಷಗಳ ಬಳಿಕ, 2013ರಲ್ಲಿ ಅದೇ ಪಕ್ಷ 40 ಸ್ಥಾನಗಳಿಗೆ ಮರಳಿತು. ಹಾಗಾಗಿ "ಮಾತಿಗೆ ತಪ್ಪಿದವರನ್ನು ಜನ ನೆಲಕಚ್ಚಿಸಿದರು" ಎಂಬ ಸರಳ ಕಥೆ ಪೂರ್ತಿ ಸರಿಯಲ್ಲ. ಕೆಲವರು ಶಿಕ್ಷಿಸಿದರು, ಬಹಳ ಮಂದಿ ತಮ್ಮ ನಾಯಕನ ಜೊತೆಗೇ ನಿಂತರು. ಹಳೇ ಮೈಸೂರಿನ ರೈತನಿಗೆ ಆ ಇಪ್ಪತ್ತು ತಿಂಗಳಲ್ಲಿ ನೆನಪಿದ್ದದ್ದು ಗ್ರಾಮವಾಸ್ತವ್ಯ, ಸಹಕಾರಿ ಸಾಲದ ಮನ್ನಾ. ಕುಡುಕ ಗಂಡನಿಂದ ನೊಂದ ಹೆಂಗಸಿಗೆ ನೆನಪಿದ್ದದ್ದು 2007ರ ಜುಲೈಯಲ್ಲಿ ಜಾರಿಯಾದ ಸಾರಾಯಿ ನಿಷೇಧ. ಅದೇ ಸರಕಾರದಲ್ಲಿ ಹಣಕಾಸು ಖಾತೆ ಹೊಂದಿದ್ದವರು ಯಡಿಯೂರಪ್ಪ. ಹೆಣ್ಣುಮಕ್ಕಳ ಭಾಗ್ಯಲಕ್ಷ್ಮಿ ಯೋಜನೆ, ಶಾಲಾ ಬಾಲಕಿಯರ ಸೈಕಲ್ ತಮ್ಮ ಬಜೆಟ್‌ನ ಕೊಡುಗೆ ಎಂದು ಅವರ ಪಕ್ಷ ಹೇಳಿಕೊಂಡಿತು. ಒಳ್ಳೆಯದಕ್ಕೆ ಇಬ್ಬರು ಹಕ್ಕುದಾರರು, ಕೆಟ್ಟದ್ದಕ್ಕೆ ಯಾರೂ ವಾರಸುದಾರರಿಲ್ಲ. ಸಮ್ಮಿಶ್ರ ಸರಕಾರದ ಲೆಕ್ಕಪುಸ್ತಕ ಬಹುತೇಕ ಹೀಗೆಯೇ ಇರುತ್ತದೆ.

ಅರ್ಧ ಈಡೇರಿದ ಮಾತು

2018ರ ಉದಾಹರಣೆ ಬೇರೆ ಬಗೆಯದು. ಆ ಚುನಾವಣೆಗೆ ಮೊದಲು ಕುಮಾರಸ್ವಾಮಿಯವರು ಅಧಿಕಾರಕ್ಕೆ ಬಂದ 24 ಗಂಟೆಗಳೊಳಗೆ ರೈತರ ಸುಮಾರು 53,000 ಕೋಟಿ ರೂಪಾಯಿ ಸಾಲವನ್ನು ಮನ್ನಾ ಮಾಡುವುದಾಗಿ ಹೇಳಿದ್ದರು. ಫಲಿತಾಂಶದಲ್ಲಿ ಬಿಜೆಪಿಗೆ 104, ಕಾಂಗ್ರೆಸ್‌ಗೆ 78, ಜೆಡಿಎಸ್‌ಗೆ 37. ಮೂರನೆಯ ಸ್ಥಾನದಲ್ಲಿದ್ದ ಪಕ್ಷದ ನಾಯಕ ಕಾಂಗ್ರೆಸ್ ಬೆಂಬಲದಿಂದ ಮೇ 23ರಂದು ಮುಖ್ಯಮಂತ್ರಿಯಾದರು. 24 ಗಂಟೆ ಕಳೆಯಿತು, ಸಾಲ ಹಾಗೇ ಇತ್ತು. ಐದೇ ದಿನಗಳಲ್ಲಿ ಬಿಜೆಪಿ ಸಾಲಮನ್ನಾಕ್ಕಾಗಿ ರಾಜ್ಯ ಬಂದ್‌ಗೆ ಕರೆ ಕೊಟ್ಟಿತು. ತಮಗೆ ಪೂರ್ಣ ಬಹುಮತ ಸಿಕ್ಕಿಲ್ಲ, ತಾವು ಈಗ ಇರುವುದು ಆರೂವರೆ ಕೋಟಿ ಜನರ ಹಂಗಿನಲ್ಲಲ್ಲ, ಕಾಂಗ್ರೆಸ್‌ನ ಹಂಗಿನಲ್ಲಿ ಎಂಬ ಅರ್ಥದ ಮಾತನ್ನು ಮುಖ್ಯಮಂತ್ರಿಗಳು ಆಡಿದರು. ಆ ಮಾತು ಭಾರೀ ಟೀಕೆಗೊಳಗಾಯಿತು.

ಜುಲೈ 5ರ ಬಜೆಟ್‌ನಲ್ಲಿ ಸುಮಾರು 34,000 ಕೋಟಿ ರೂಪಾಯಿಯ ಸಾಲಮನ್ನಾ ಘೋಷಣೆಯಾಯಿತು. ಒಬ್ಬ ರೈತನಿಗೆ 2 ಲಕ್ಷದ ಮಿತಿ, 2017ರ ಡಿಸೆಂಬರ್ 31ರ ವರೆಗಿನ ಸುಸ್ತಿ ಬೆಳೆಸಾಲ, ಹಂತ ಹಂತವಾಗಿ ಪಾವತಿ. ಅದಕ್ಕೆ ಹಣ ಹೊಂದಿಸಲು ಪೆಟ್ರೋಲ್, ಡೀಸೆಲ್ ಮತ್ತು ವಿದ್ಯುತ್ ಮೇಲಿನ ತೆರಿಗೆ ಏರಿತು. ಅದೇ ಬಜೆಟ್‌ನಲ್ಲಿ ಅನ್ನಭಾಗ್ಯದ ಅಕ್ಕಿಯನ್ನು 7 ಕಿಲೋದಿಂದ 5 ಕಿಲೋಗೆ ಇಳಿಸಲಾಗಿತ್ತು. ಅದು ಹಿಂದಿನ ಕಾಂಗ್ರೆಸ್ ಸರಕಾರದ ಯೋಜನೆ. ಸಮನ್ವಯ ಸಮಿತಿಯ ಅಧ್ಯಕ್ಷರಾಗಿದ್ದ ಸಿದ್ದರಾಮಯ್ಯನವರು ಆಕ್ಷೇಪಿಸಿದ ಮೇಲೆ 7 ಕಿಲೋ ಮತ್ತೆ ಜಾರಿಗೆ ಬಂತು. ಒಬ್ಬರ ಮಾತನ್ನು ಉಳಿಸಲು ಇನ್ನೊಬ್ಬರ ಮಾತಿನಿಂದ ಎರಡು ಕಿಲೋ ಕತ್ತರಿಸುವುದು, ಅವರು ಗದರಿದಾಗ ಮತ್ತೆ ತುಂಬುವುದು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬ ಗಾದೆ ಸಮ್ಮಿಶ್ರ ಸರಕಾರಗಳಿಗೆ ಹೇಳಿ ಮಾಡಿಸಿದಂತಿದೆ. ಆದರೆ ಇಲ್ಲಿ ಒಂದು ಸಮಾಧಾನವನ್ನೂ ಕಾಣಬಹುದು. ಪಾಲುದಾರ ಎಚ್ಚರವಾಗಿದ್ದರೆ ಬಡವನ ಚೀಲದ ಅಕ್ಕಿ ಉಳಿಯುತ್ತದೆ. ಏಕಪಕ್ಷದ ಸರಕಾರದಲ್ಲಿ ಒಳಗಿನಿಂದ ಗದರುವವರು ಇರುವುದಿಲ್ಲ.

ಈ ಅರ್ಧ ಈಡೇರಿಕೆಯನ್ನು ಮತದಾರ ಹೇಗೆ ಕಂಡ? 2019ರ ಲೋಕಸಭಾ ಚುನಾವಣೆಯಲ್ಲಿ ಮೈತ್ರಿಕೂಟದ ಎರಡೂ ಪಕ್ಷಗಳು ಒಟ್ಟಾಗಿ ಸ್ಪರ್ಧಿಸಿ ತಲಾ ಒಂದೊಂದು ಸ್ಥಾನ ಗೆದ್ದವು, ಬಿಜೆಪಿ 25 ಗೆದ್ದಿತು. ಸಾಲಮನ್ನಾದ ಲಾಭ ಪಡೆದ ರೈತರ ನಾಡೆನಿಸಿದ ಮಂಡ್ಯದಲ್ಲೇ ಮುಖ್ಯಮಂತ್ರಿಗಳ ಮಗ ಸೋತರು. ತುಮಕೂರಿನಲ್ಲಿ ದೇವೇಗೌಡರು ಸೋತರು. ಆ ಚುನಾವಣೆಯಲ್ಲಿ ರಾಷ್ಟ್ರೀಯ ವಿಷಯಗಳೇ ಮೇಲುಗೈ ಪಡೆದಿದ್ದವು ನಿಜ. ಆದರೆ ಕಾಂಗ್ರೆಸ್ ಮತ್ತು ಜೆಡಿಎಸ್ ಕಾರ್ಯಕರ್ತರು ದಶಕಗಳಿಂದ ಎದುರಾಳಿಗಳಾಗಿದ್ದ ಹಳ್ಳಿಗಳಲ್ಲಿ ನಾಯಕರ ಹಸ್ತಲಾಘವ ಮತಗಳನ್ನು ಬೆಸೆಯಲಿಲ್ಲ ಎಂಬುದೂ ನಿಜ. 2019ರ ಜುಲೈ 23ರಂದು ವಿಶ್ವಾಸಮತದಲ್ಲಿ 99-105ರಿಂದ ಸರಕಾರ ಬಿತ್ತು. ರಾಜೀನಾಮೆ ಕೊಟ್ಟು ಸರಕಾರ ಬೀಳಿಸಿದ ಶಾಸಕರ ಕ್ಷೇತ್ರಗಳಲ್ಲಿ ಡಿಸೆಂಬರ್‌ನಲ್ಲಿ ಉಪಚುನಾವಣೆ ನಡೆದಾಗ 15ರಲ್ಲಿ 12ನ್ನು ಬಿಜೆಪಿ ಗೆದ್ದಿತು. ಹೊಸ ಪಕ್ಷದ ಚಿಹ್ನೆಯಲ್ಲಿ ನಿಂತ ಹಳೆಯ ಮುಖಗಳಲ್ಲಿ ಹೆಚ್ಚಿನವರನ್ನು ಅದೇ ಮತದಾರರು ಮರಳಿ ಕಳುಹಿಸಿದರು. ಮಾತು ಮುರಿದವರ ಮೇಲಿನ ಸಿಟ್ಟಿಗಿಂತ ಸ್ಥಿರ ಸರಕಾರದ ಆಸೆ, ಕ್ಷೇತ್ರಕ್ಕೆ ಸಿಗಬಹುದಾದ ಮಂತ್ರಿಗಿರಿಯ ಆಸೆ ಕೆಲವೊಮ್ಮೆ ದೊಡ್ಡದಾಗಿರುತ್ತದೆ. ಇದು ನಮಗೆ ಹಿತವಾಗದ ಸತ್ಯ, ಆದರೂ ಸತ್ಯ.

ಹೊರನಾಡಿನ ಎರಡು ಪಾಠಗಳು

ಇದು ನಮ್ಮ ರಾಜ್ಯದ ರೋಗ ಮಾತ್ರವೇ? ಅಲ್ಲ. ಜರ್ಮನಿಯಲ್ಲಿ 2005ರ ಚುನಾವಣೆಯ ಹೊತ್ತಿಗೆ ಮಾರಾಟದ ಮೇಲಿನ ಮೌಲ್ಯವರ್ಧಿತ ತೆರಿಗೆ ಶೇ. 16 ಇತ್ತು. ಅಂಗೆಲಾ ಮರ್ಕೆಲ್ ಅವರ ಪಕ್ಷ ಅದನ್ನು ಶೇ. 18ಕ್ಕೆ ಏರಿಸುತ್ತೇವೆಂದು ಹೇಳಿ ಮತ ಕೇಳಿತು. ಎದುರಾಳಿ ಸೋಶಿಯಲ್ ಡೆಮಾಕ್ರಟಿಕ್ ಪಕ್ಷ ಅದನ್ನು "ಮರ್ಕೆಲ್ ತೆರಿಗೆ" ಎಂದು ಹಂಗಿಸಿ ವಿರೋಧಿಸಿತು. ಯಾರಿಗೂ ಬಹುಮತ ಬರಲಿಲ್ಲ, ಇಬ್ಬರೂ ಸೇರಿ ಸರಕಾರ ಮಾಡಿದರು. ಒಬ್ಬರು ಎರಡು ಏರಿಸುತ್ತೇವೆ ಎಂದಿದ್ದರು, ಇನ್ನೊಬ್ಬರು ಏರಿಸಲೇಬಾರದು ಎಂದಿದ್ದರು. ರಾಜಿ ಸೂತ್ರದಲ್ಲಿ ಅದು ಮೂರು ಏರಿ, 2007ರ ಜನವರಿ 1ರಿಂದ ಶೇ. 19 ಆಯಿತು! ಚುನಾವಣೆಯಲ್ಲಿ ಆಡಿದ ಮಾತಿನಿಂದ ನಮ್ಮನ್ನು ಅಳೆಯುವುದು ನ್ಯಾಯವಲ್ಲ ಎಂಬ ಅರ್ಥದಲ್ಲಿ ಆ ಪಕ್ಷದ ಹಿರಿಯ ನಾಯಕ ಫ್ರಾಂಜ್ ಮುಂಟೆಫೆರಿಂಗ್ ಹೇಳಿದ್ದು ಅಲ್ಲಿ ದೊಡ್ಡ ಚರ್ಚೆಯಾಯಿತು. 2009ರಲ್ಲಿ ಸೋಶಿಯಲ್ ಡೆಮಾಕ್ರಟರ ಮತ ಶೇ. 34ರಿಂದ 23ಕ್ಕೆ ಇಳಿಯಿತು. ತೆರಿಗೆಯೊಂದೇ ಅದಕ್ಕೆ ಕಾರಣವಲ್ಲ. ಪಿಂಚಣಿ ವಯಸ್ಸು, ನಿರುದ್ಯೋಗ ಭತ್ಯೆಯ ವಿವಾದಗಳೂ ಇದ್ದವು. ಆದರೂ ಮರ್ಕೆಲ್ ಪಕ್ಷ ಕಳೆದುಕೊಂಡದ್ದು ಒಂದೂವರೆ ಶೇಕಡದಷ್ಟು ಮಾತ್ರ ಎಂಬುದು ಗಮನಾರ್ಹ.

ಬ್ರಿಟನ್‌ನಲ್ಲಿ 2010ರ ಚುನಾವಣೆಗೆ ಮೊದಲು ಲಿಬರಲ್ ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿಗಳು ವಿಶ್ವವಿದ್ಯಾಲಯಗಳ ಶುಲ್ಕ ಏರಿಕೆಯ ವಿರುದ್ಧವೇ ಮತ ಹಾಕುತ್ತೇವೆಂಬ ಪ್ರತಿಜ್ಞಾಪತ್ರಕ್ಕೆ ಸಹಿ ಹಾಕಿ, ಅದನ್ನು ಕೈಯಲ್ಲಿ ಹಿಡಿದು ಫೋಟೋ ತೆಗೆಸಿಕೊಂಡಿದ್ದರು. 57 ಸ್ಥಾನ ಗೆದ್ದು ಕನ್ಸರ್ವೇಟಿವ್ ಪಕ್ಷದೊಂದಿಗೆ ಸರಕಾರ ಸೇರಿದರು. ಆ ವರ್ಷದ ಡಿಸೆಂಬರ್‌ನಲ್ಲೇ ವಾರ್ಷಿಕ ಶುಲ್ಕದ ಮಿತಿ ಸುಮಾರು 3,300 ಪೌಂಡ್‌ನಿಂದ 9,000 ಪೌಂಡ್‌ಗೆ ಏರಿತು. ಅವರ 21 ಸಂಸದರು ವಿರುದ್ಧ ಮತ ಹಾಕಿದರು, ಮಂತ್ರಿಗಳು ಪರವಾಗಿ ಮತ ಹಾಕಿದರು. 2012ರಲ್ಲಿ ನಾಯಕ ನಿಕ್ ಕ್ಲೆಗ್ ಕ್ಷಮೆ ಕೇಳಿದರು, ಈಡೇರಿಸಲು ಸಾಧ್ಯವೆಂಬ ಖಾತರಿಯಿಲ್ಲದ ಮಾತನ್ನು ಕೊಡಬಾರದಿತ್ತು ಎಂದು. 2015ರಲ್ಲಿ ಪಕ್ಷ 57ರಿಂದ 8ಕ್ಕೆ ಇಳಿಯಿತು. ಅದೇ ಪಕ್ಷ ವರ್ಷಕ್ಕೆ 10,000 ಪೌಂಡ್ ವರೆಗಿನ ದುಡಿಮೆಗೆ ಆದಾಯ ತೆರಿಗೆ ಬೇಡ ಎಂಬ ತನ್ನ ಇನ್ನೊಂದು ಭರವಸೆಯನ್ನು ಸರಕಾರದೊಳಗಿದ್ದೇ ಈಡೇರಿಸಿತ್ತು. ಅದು ಯಾರ ನೆನಪಿನಲ್ಲೂ ಉಳಿಯಲಿಲ್ಲ. ಕೊಟ್ಟದ್ದು ಮರೆತುಹೋಗುತ್ತದೆ, ಕಿತ್ತುಕೊಂಡದ್ದು ನೆನಪಿರುತ್ತದೆ. ಅದರಲ್ಲೂ ಸಹಿ ಹಾಕಿದ ಕೈ ನೆನಪಿರುತ್ತದೆ.

ರಾಬರ್ಟ್ ಥಾಮ್ಸನ್ ಮತ್ತು ಸಂಗಡಿಗರು 12 ದೇಶಗಳ 57 ಚುನಾವಣೆಗಳಲ್ಲಿ ನೀಡಲಾದ 20,000ಕ್ಕೂ ಹೆಚ್ಚು ಭರವಸೆಗಳನ್ನು ಪರಿಶೀಲಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಏಕಪಕ್ಷದ ಸರಕಾರಗಳು ಹೆಚ್ಚು ಮಾತುಗಳನ್ನು ಈಡೇರಿಸುತ್ತವೆ, ಸಮ್ಮಿಶ್ರ ಸರಕಾರದ ಪಕ್ಷಗಳು ಕಡಿಮೆ ಎಂಬುದು ಅದರ ತಿರುಳು. ಅಂದರೆ "ಸಮ್ಮಿಶ್ರ ಸರಕಾರ ಅಲ್ಲವೇ" ಎಂಬ ಮಸೀದಿ ಅಂಗಳದ ಸಮಾಧಾನ ಬರೀ ನೆಪವಲ್ಲ. ಅದರಲ್ಲಿ ನಿಜಾಂಶವಿದೆ. ಪ್ರಶ್ನೆ ಇರುವುದು ಆ ನಿಜಾಂಶವನ್ನು ಎಲ್ಲಿಯವರೆಗೆ ಒಪ್ಪಬೇಕು ಎಂಬುದರಲ್ಲಿ.

ಅಸಾಮರ್ಥ್ಯ ಬೇರೆ, ವಂಚನೆ ಬೇರೆ

ಈ ಗೆರೆ ಎಳೆಯಲು ನಮಗೆ ಬೇಕಾದ ಅಳತೆಗೋಲು ನಮ್ಮ ಬಳಿಯೇ ಇದೆ. ವಾಗ್ದಾನ ಮುರಿಯುವುದನ್ನು ಪ್ರವಾದಿ(ಸ)ರವರು ಕಪಟತನದ ಲಕ್ಷಣಗಳಲ್ಲಿ ಎಣಿಸಿದ್ದಾರೆ ಎಂಬುದು ನಮ್ಮ ಮಕ್ಕಳಿಗೂ ಗೊತ್ತು. ಜೊತೆಗೆ ವಿದ್ವಾಂಸರು ಒಂದು ವ್ಯತ್ಯಾಸವನ್ನೂ ಕಲಿಸಿದ್ದಾರೆ. ಈಡೇರಿಸುವ ಪ್ರಾಮಾಣಿಕ ಸಂಕಲ್ಪದಿಂದ ಮಾತು ಕೊಟ್ಟು ಅನಂತರ ಅಸಹಾಯಕನಾದವನೂ, ಮಾತು ಕೊಡುವಾಗಲೇ ಮುರಿಯಲು ನಿಶ್ಚಯಿಸಿದವನೂ ಸಮಾನರಲ್ಲ. ಸಂಕಲ್ಪ ಹೃದಯದಲ್ಲಿರುತ್ತದೆ, ಅದನ್ನು ಬಲ್ಲವನು ಅಲ್ಲಾಹನು ಮಾತ್ರ. ಆದರೆ ನಡೆ ನಮಗೆ ಕಾಣುತ್ತದೆ. ನಡೆಯನ್ನು ನೋಡಿ ನಾವು ಮೂರು ಪ್ರಶ್ನೆ ಕೇಳಬಹುದು.

ಮೊದಲನೆಯದು, ಆ ಮಾತನ್ನು ಉಳಿಸಿಕೊಳ್ಳಲು ಪಾಲುದಾರನ ಒಪ್ಪಿಗೆ ಬೇಕಿತ್ತೇ? ಸಾಲಮನ್ನಾಕ್ಕೆ ಖಜಾನೆ ಬೇಕು, ಸಂಪುಟದ ಒಪ್ಪಿಗೆ ಬೇಕು. 37 ಶಾಸಕರ ಪಕ್ಷ ಅದನ್ನು ಪೂರ್ತಿ ಈಡೇರಿಸಲಿಲ್ಲ ಎಂದರೆ ಅರ್ಥವಾಗುತ್ತದೆ. ಆದರೆ ಯಾರ ಜೊತೆ ಸೇರುವುದಿಲ್ಲ ಎಂಬ ಮಾತಿಗೆ ಯಾರ ಒಪ್ಪಿಗೆಯೂ ಬೇಡ. ಸೇರದೆ ಇದ್ದರೆ ಸಾಕು. ಅದನ್ನು ಮುರಿದವರಿಗೆ "ಸಮ್ಮಿಶ್ರ ಅನಿವಾರ್ಯತೆ" ಎಂಬ ನೆಪ ಸಲ್ಲುವುದಿಲ್ಲ. ಬ್ರಿಟನ್ನಿನ ಸಂಸದರ ಪ್ರತಿಜ್ಞೆಯೂ ಇಂಥದೇ. ಅವರು ಶುಲ್ಕ ತಡೆಯುತ್ತೇವೆ ಎಂದಿರಲಿಲ್ಲ, ವಿರುದ್ಧ ಮತ ಹಾಕುತ್ತೇವೆ ಎಂದಿದ್ದರು. ಆ 21 ಮಂದಿ ಹಾಕಿಯೂ ತೋರಿಸಿದರು.

ಎರಡನೆಯದು, ಬಿಟ್ಟುಕೊಟ್ಟದ್ದಕ್ಕೆ ಬದಲಾಗಿ ಏನು ಪಡೆದರು? ಒಂದು ಭರವಸೆ ಬಿಟ್ಟು ಮತ್ತೊಂದು ಭರವಸೆ ಗಳಿಸಿದರೆ ಅದು ರಾಜಿ. ಭರವಸೆ ಬಿಟ್ಟು ಖಾತೆ ಗಳಿಸಿದರೆ ಅದು ವ್ಯಾಪಾರ.

ಮೂರನೆಯದು, ನಿಜ ಹೇಳಿದರೇ? "ಇಷ್ಟು ಮಾಡಲಾಗಲಿಲ್ಲ, ಇದಕ್ಕಾಗಿ ಆಗಲಿಲ್ಲ" ಎಂದು ಜನರ ಮುಂದೆ ಬಂದು ಹೇಳುವವರು ವಿರಳ. ಸಾಲ ತೀರಿಸಲಾಗದವನು ಅವಧಿಗೆ ಮೊದಲೇ ಮನೆಗೆ ಬಂದು ಹೇಳಿದರೆ ನಾವು ಮೃದುವಾಗುತ್ತೇವೆ. ದಾರಿ ತಪ್ಪಿಸಿ ಓಡಾಡಿದರೆ ಕಠಿಣರಾಗುತ್ತೇವೆ. ರಾಜಕೀಯದಲ್ಲೂ ಇದೇ ನ್ಯಾಯ.

ಕಾನೂನು ಈ ಕೆಲಸವನ್ನು ನಮ್ಮ ಪರವಾಗಿ ಮಾಡುವುದಿಲ್ಲ. 2013ರ ಜುಲೈಯಲ್ಲಿ ಸುಬ್ರಮಣಿಯಂ ಬಾಲಾಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಪ್ರಣಾಳಿಕೆಯ ಭರವಸೆಗಳು ಚುನಾವಣಾ ಭ್ರಷ್ಟಾಚಾರದ ವ್ಯಾಖ್ಯೆಗೆ ಬರುವುದಿಲ್ಲ ಎಂದು ಹೇಳಿ, ಪ್ರಣಾಳಿಕೆಗಳಿಗೆ ಮಾರ್ಗಸೂಚಿ ರೂಪಿಸುವಂತೆ ಚುನಾವಣಾ ಆಯೋಗಕ್ಕೆ ಸೂಚಿಸಿತು. ಭರವಸೆಗೆ ಹಣ ಎಲ್ಲಿಂದ ಬರುತ್ತದೆಂದು ಪಕ್ಷಗಳು ಸ್ಥೂಲವಾಗಿ ತಿಳಿಸಬೇಕೆಂದು ಆಯೋಗ ನೀತಿ ಸಂಹಿತೆಯಲ್ಲಿ ಸೇರಿಸಿತು. ಭರವಸೆ ಮುರಿದ ಪಕ್ಷವನ್ನು ಕೋರ್ಟಿಗೆ ಎಳೆಯುವ ದಾರಿ ಅದರಲ್ಲಿಲ್ಲ. ಚುನಾವಣೆಯ ನಂತರದ ಮೈತ್ರಿಗೆ ಮತದಾರನ ಅನುಮತಿ ಕೇಳಬೇಕೆಂಬ ನಿಯಮವೂ ಇಲ್ಲ. ಉಳಿದಿರುವ ನ್ಯಾಯಾಲಯ ಮತಗಟ್ಟೆಯೊಂದೇ. ಅಲ್ಲಿ ಸಾಕ್ಷಿ ನಮ್ಮ ನೆನಪು.

ನೆನಪೆಂಬ ಅಮಾನತ್

ಮತ ಒಂದು ಅಮಾನತ್ ಎಂದು ನಾವು ಪ್ರತಿ ಚುನಾವಣೆಯಲ್ಲೂ ಹೇಳುತ್ತೇವೆ. ಆದರೆ ಅಮಾನತ್ ಮತ ಹಾಕಿದ ಕ್ಷಣಕ್ಕೆ ಮುಗಿಯುವುದಿಲ್ಲ. ಒಬ್ಬರ ಕೈಗೆ ಹಣ ಕೊಟ್ಟು ಲೆಕ್ಕ ಕೇಳದೆ ಮಲಗುವವರು ಯಾರೂ ಇಲ್ಲ. ಮತ ಕೊಟ್ಟು ಮಲಗುವವರು ಬಹಳ. ಪ್ರಣಾಳಿಕೆಯನ್ನು ಚುನಾವಣೆಯ ಮರುದಿನ ಕಡಲೆಕಾಯಿ ಕಟ್ಟಲು ಬಳಸುತ್ತೇವೆ. ಸಮ್ಮಿಶ್ರ ಸರಕಾರ ರಚನೆಯಾದಾಗ ಸಾಮಾನ್ಯ ಕಾರ್ಯಕ್ರಮ ಎಂಬ ಒಂದು ಪಟ್ಟಿ ಪ್ರಕಟವಾಗುತ್ತದೆ. ಅದರಲ್ಲಿ ಏನು ಉಳಿಯಿತು, ಏನು ಕಳಚಿತು ಎಂದು ಎರಡು ಹಾಳೆ ಪಕ್ಕ ಪಕ್ಕ ಇಟ್ಟು ನೋಡಿದವರು ನಮ್ಮಲ್ಲಿ ಎಷ್ಟು ಮಂದಿ?

ಇದೇನೂ ಕಷ್ಟದ ಕೆಲಸವಲ್ಲ. ಪ್ರತಿ ಜಮಾಅತ್‌ನಲ್ಲಿ ಕಾಲೇಜು ಕಲಿಯುವ ಮಕ್ಕಳಿದ್ದಾರೆ. ತಮ್ಮ ಕ್ಷೇತ್ರದಲ್ಲಿ ಮತ ಕೇಳಿದ ಪಕ್ಷಗಳ ಭರವಸೆಗಳನ್ನು ಒಂದು ನೋಟ್‌ಪುಸ್ತಕದಲ್ಲಿ ಬರೆದಿಡಲು, ವರ್ಷಕ್ಕೊಮ್ಮೆ ಎದುರಿಗೆ "ಆಯಿತು", "ಅರ್ಧ ಆಯಿತು", "ಆಗಲಿಲ್ಲ" ಎಂದು ಗುರುತು ಹಾಕಲು ಅವರಿಗೆ ಹೇಳಬಹುದು. ಮತ ಕೇಳಲು ಬಂದವರಿಗೆ ರಸ್ತೆ, ಚರಂಡಿ, ಕಬರಸ್ಥಾನದ ಕಾಂಪೌಂಡಿನ ಜೊತೆಗೆ ಒಂದು ಪ್ರಶ್ನೆ ಹೆಚ್ಚಾಗಿ ಕೇಳಬಹುದು: "ಬಹುಮತ ಬಾರದಿದ್ದರೆ ಯಾರ ಜೊತೆ ಹೋಗುತ್ತೀರಿ? ಯಾವ ಭರವಸೆಯನ್ನು ಏನೇ ಆದರೂ ಬಿಟ್ಟುಕೊಡುವುದಿಲ್ಲ?" ಉತ್ತರ ಸಿಗದಿರಬಹುದು. ಉತ್ತರ ಸಿಗಲಿಲ್ಲ ಎಂಬುದೂ ಬರೆದಿಡಬೇಕಾದ ಸಂಗತಿಯೇ.

ಮತ್ತೊಂದು ಮಾತು, ಇದು ನಮಗೇ. ನಮ್ಮ ಮಸೀದಿ ಕಮಿಟಿಗಳಲ್ಲೂ ಚುನಾವಣೆಗಳು ನಡೆಯುತ್ತವೆ. ಎರಡು ಬಣಗಳು ಒಂದಾಗಿ ಕಮಿಟಿ ರಚಿಸುವುದೂ ಇದೆ. ಮದ್ರಸದ ಕಟ್ಟಡ, ಉಸ್ತಾದರ ಸಂಬಳ, ಬಡಮಕ್ಕಳ ಫೀಸು ಎಂದು ಹೇಳಿ ಆಯ್ಕೆಯಾದ ನಾವು ವರ್ಷದ ಕೊನೆಗೆ "ಅವರು ಒಪ್ಪಲಿಲ್ಲ, ಏನು ಮಾಡುವುದು?" ಎನ್ನುವುದಿಲ್ಲವೇ? ವಿಧಾನಸೌಧದ ಬಗ್ಗೆ ಕೇಳುವ ಮೂರು ಪ್ರಶ್ನೆಗಳನ್ನು ನಮ್ಮ ವಾರ್ಷಿಕ ಮಹಾಸಭೆಯಲ್ಲೂ ಕೇಳಿಕೊಂಡರೆ ಮಾತ್ರ ಆ ಪ್ರಶ್ನೆಗಳಿಗೆ ತೂಕ ಬರುತ್ತದೆ.

"ಎಲ್ಲರೂ ಒಂದೇ" ಎಂದವರ ಮಾತಿಗೆ ಕೊನೆಯಲ್ಲಿ ಉತ್ತರಿಸೋಣ. ಎಲ್ಲರೂ ಒಂದೇ ಅಲ್ಲ. 95 ಸ್ಥಾನ ಇಟ್ಟುಕೊಂಡು ಹಳ್ಳಿಗೆ ನೀರು ಮತ್ತು ಅಧಿಕಾರ ಎರಡನ್ನೂ ಒಯ್ದವರಿದ್ದರು. 58 ಸ್ಥಾನ ಇಟ್ಟುಕೊಂಡು ಒಂದೇ ಅವಧಿಯಲ್ಲಿ ಎರಡು ಎದುರಾಳಿಗಳ ಜೊತೆ ಅಧಿಕಾರ ಹಂಚಿಕೊಂಡವರಿದ್ದರು. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿಟ್ಟು ಎಸೆದರೆ ನಷ್ಟ ಮಾತು ಉಳಿಸಿಕೊಂಡವನಿಗೆ, ಲಾಭ ಮುರಿದವನಿಗೆ. ಮತ ಹಾಕದೆ ಮನೆಯಲ್ಲಿ ಕುಳಿತರೆ ನಾವು ಶಿಕ್ಷಿಸುವುದು ಯಾರನ್ನು? ಮಾತಿಗೆ ತಪ್ಪಿದವನಿಗೆ ನಮ್ಮ ಗೈರುಹಾಜರಿಗಿಂತ ದೊಡ್ಡ ಕೊಡುಗೆ ಬೇರೊಂದಿಲ್ಲ.

ಮುಂದಿನ ಜುಮಾದಂದು ಅಂಗಳದಲ್ಲಿ ಆ ಚರ್ಚೆ ಮತ್ತೆ ನಡೆಯುತ್ತದೆ. ನಡೆಯಲಿ. ಆದರೆ ಆಗ ಯಾರಾದರೊಬ್ಬರ ಜೇಬಿನಲ್ಲಿ ಆ ನೋಟ್‌ಪುಸ್ತಕವಿರಲಿ.